ಓದುಗರ ಸ್ಪಂದನ: ಬ್ಯಾನಿ ತಿನ್ನಬೇಕೋ, ಬೆನ್ನಿಗೆ ಸೂಜಿ ಹಾಕಿಸಿಕೊಳ್ಳಬೇಕೋ?

ಹುಬ್ಬಳ್ಳಿಯ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ತೋಡಿಕೊಂಡ ಸಮಸ್ಯೆಯ ಸಾರಾಂಶ ಹೀಗಿದೆ. ಅವರಿಗೆ ಇದು ಚೊಚ್ಚಲ ಹೆರಿಗೆ. ಎಂಟನೆಯ ತಿಂಗಳು ನಡೆಯುತ್ತಿದೆ. ಹೆರಿಗೆಯ ನೋವು (ಬ್ಯಾನಿ) ತಡೆಯಲು ಎಪಿಡ್ಯೂರಲ್, ಅಂದರೆ ಬೆನ್ನಿನ ಮೂಲಕ ಕೊಡುವ ಅರಿವಳಿಕೆ, ಬೇಕೇ ಎಂದು ಹುಬ್ಬಳ್ಳಿಯ ವೈದ್ಯರು ಕೇಳಿದ್ದಾರೆ. ಆದರೆ ಕುಬುಸ (ಸೀಮಂತ) ಮುಗಿಸಿಕೊಂಡು ಗದಗ ಜಿಲ್ಲೆಯ ತವರಿಗೆ ಹೋಗುವುದೆಂದು ಹಿರಿಯರಲ್ಲಿ ಮಾತಾಗಿದೆ, ಮತ್ತು ಅಲ್ಲಿಯ ಆಸ್ಪತ್ರೆಯಲ್ಲಿ ಆ ಸೌಲಭ್ಯವಿಲ್ಲ. "ಬೆನ್ನಿಗೆ ಸೂಜಿ ಹಾಕಿಸಿಕೊಂಡ್ರ ಸೊಂಟ ಹೋಗತೈತಿ" ಎಂದು ತಾಯಿ ಹೆದರಿದ್ದಾರೆ. "ಬ್ಯಾನಿ ತಿನ್ನದ ತಾಯಿ ಆಗೂದು ಹೆಂಗ" ಎಂಬುದು ಅತ್ತೆಯವರ ಮಾತು. ಪತಿ "ನಿನಗೆ ತಿಳಿದಂತೆ ಮಾಡು" ಎಂದು ಸುಮ್ಮನಾಗಿದ್ದಾರೆ. ಈಗಲೇ ನಿರ್ಧರಿಸಬೇಕೇ, ಬ್ಯಾನಿ ಎದ್ದ ಮೇಲೆ ಹೇಳಿದರೆ ನಡೆಯುತ್ತದೆಯೇ, ಕೂಸಿಗೆ ಏನಾದರೂ ಆಗುತ್ತದೆಯೇ ಎಂದು ಅವರು ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಕೊಟ್ಟಿದ್ದೇವೆ. — ಸಂ.

ಸಂಪಾದಕರೇ, ಹಡೆಯುವ ನೋವನ್ನೂ ಸಮಸ್ಯೆಯೆಂದು ಪತ್ರಿಕೆಗೆ ಬರೆಯುವ ಕಾಲ ಬಂದಿತಲ್ಲ! ನಮ್ಮ ಅತ್ತೆಯವರು ಹೊಲದಲ್ಲಿ ಕಳೆ ತೆಗೆಯುವಾಗ ಬ್ಯಾನಿ ಎದ್ದು, ಮನೆಗೆ ನಡೆದು ಬಂದು ನನ್ನ ಯಜಮಾನರನ್ನು ಹಡೆದರು. ಸೂಜಿಯ ವಿಚಾರವನ್ನು ಬಿಟ್ಟು ದಿನಾ ಎರಡು ಹೊತ್ತು ಕಸ ಗುಡಿಸಲು ಆ ಹುಡುಗಿಗೆ ಹೇಳಿರಿ.
— ಗೃಹಿಣಿ, ಬ್ಯಾಡಗಿ

ಮುಂದಿನ ಪತ್ರ ದೀರ್ಘವಾಗಿದೆ. ಮೊಟಕುಗೊಳಿಸಲು ನಮಗೆ ಮನಸ್ಸಾಗಲಿಲ್ಲ. — ಸಂ.

ತಂಗಿ, ಎಪಿಡ್ಯೂರಲ್ ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ನಾನು ಹೇಳಲಾರೆ. ನನ್ನ ಹೆರಿಗೆಯಲ್ಲಿ ನಾನು ಬೇಕೆಂದಿದ್ದೆ, ಸಿಗಲಿಲ್ಲ. ಅದು ಏಕೆ ಸಿಗಲಿಲ್ಲ ಎಂಬುದನ್ನು ಈವರೆಗೆ ನನ್ನ ಮನೆಯವರಿಗೂ ಪೂರ್ತಿಯಾಗಿ ಹೇಳಿಲ್ಲ. ನಿನ್ನ ಪತ್ರದಲ್ಲಿ "ಅತ್ತೆಯವರು ಹೇಳುತ್ತಾರೆ, ತಾಯಿ ಹೇಳುತ್ತಾರೆ" ಎಂಬ ಸಾಲುಗಳನ್ನು ಓದಿದ ಮೇಲೆ ಬರೆಯದೆ ಇರಲಾಗಲಿಲ್ಲ.

ನನ್ನ ಹೆರಿಗೆ ದೊಡ್ಡ ಊರಿನ ದೊಡ್ಡ ಆಸ್ಪತ್ರೆಯಲ್ಲೇ ಆಯಿತು. ಏಳನೆಯ ತಿಂಗಳಿನಲ್ಲಿಯೇ ವೈದ್ಯರು ಇದರ ಬಗ್ಗೆ ವಿವರಿಸಿದ್ದರು, ನಾನೂ ಪತಿಯೂ ಕೂಡಿ ಒಪ್ಪಿದ್ದೆವು. ದಿನ ತುಂಬಿದರೂ ಬ್ಯಾನಿ ಏಳದ್ದರಿಂದ ನೋವು ಬರಿಸಲು ಡ್ರಿಪ್ ಹಚ್ಚಿದರು. ಡ್ರಿಪ್ಪಿನ ಬ್ಯಾನಿ ಬಿಡುವು ಕೊಡುವುದಿಲ್ಲ. ಒಂದು ಅಲೆ ಇಳಿಯುವ ಮೊದಲೇ ಇನ್ನೊಂದು ಏರಿ ಬರುತ್ತದೆ. ನಾನು ಎಪಿಡ್ಯೂರಲ್ ಕೇಳಿದೆ. ಪತಿ ಆ ಹೊತ್ತಿಗೆ ಬೇರೆ ಊರಿನಿಂದ ಹೊರಟು ದಾರಿಯಲ್ಲಿದ್ದರು. ಹೊರಗೆ ಮಾವನವರೂ ಭಾವನವರೂ ಕುಳಿತಿದ್ದರು. ಒಪ್ಪಿಗೆಯ ಕಾಗದ ಹಿಡಿದು ಹೊರಗೆ ಹೋದ ನರ್ಸ್ ತಿರುಗಿ ಬಂದು, "ನಿಮ್ಮ ಮಂದಿ ಬ್ಯಾಡ ಅಂದ್ರು ನೋಡವಾ, ಸ್ವಲ್ಪ ತಡಕೋ" ಎಂದರು. ಅಷ್ಟೇ. ಆಕೆ ಕೆಟ್ಟವರಲ್ಲ, ಸಮಾಧಾನದಿಂದಲೇ ಹೇಳಿದರು. ಕಾಲೇಜಿನಲ್ಲಿ ಪಾಠ ಮಾಡುವ, ಬ್ಯಾಂಕಿನಲ್ಲಿ ಸ್ವಂತ ಸಹಿಯಿಂದ ಸಾಲ ಪಡೆದ ನನಗೆ ನನ್ನ ಬೆನ್ನಿನ ವಿಷಯದ ಕಾಗದವನ್ನು ಯಾರೂ ತೋರಿಸಲಿಲ್ಲ. ನಾನು ಕೂಗಿ ಕೇಳಿದೆ. ಕೂಗಿದ್ದನ್ನು ಬ್ಯಾನಿಯ ಕೂಗೆಂದೇ ಎಲ್ಲರೂ ತಿಳಿದರು.

ಮಗಳು ಆರೋಗ್ಯವಾಗಿ ಹುಟ್ಟಿದಳು. ಬಾಣಂತನದಲ್ಲಿ ಕೂಸು ನೋಡಲು ಬಂದವರು "ಗಟ್ಟಿಗಿತ್ತಿ, ಸೂಜಿ ಇಲ್ಲದ ಹಡದಾಳ" ಎಂದು ಹೊಗಳುವಾಗಲೆಲ್ಲ ನಾನು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದೆ; ದೃಷ್ಟಿಯಾಗಿದೆ ಎಂದು ಲೋಬಾನದ ಹೊಗೆ ಹಾಕಿದರು. ಕೂಸಿಗೆ ಹಾಲು ಕುಡಿಸುತ್ತಿದ್ದೆ, ಎತ್ತಿಕೊಳ್ಳುತ್ತಿದ್ದೆ, ಆದರೆ ಪ್ರೀತಿ ಬರಲು ಬಹಳ ದಿನ ಹಿಡಿಯಿತು. ಹೆರಿಗೆಯ ನಂತರ ಮನಸ್ಸಿಗೂ ಕಾಯಿಲೆ ಬರಬಹುದು, ಅದಕ್ಕೆ ಚಿಕಿತ್ಸೆ ಇದೆ ಎಂಬುದು ನನಗೆ ತಿಳಿದದ್ದು ಮಗಳು ಶಾಲೆಗೆ ಹೋಗತೊಡಗಿದ ಮೇಲೆ. ಎರಡನೆಯ ಮಗು ಏಕೆ ಬೇಡವೆಂದೆ ಎಂದು ಬಂಧುಗಳು ಇಂದಿಗೂ ಕೇಳುತ್ತಾರೆ. ಮಾವನವರು ಈಗಿಲ್ಲ, ಅವರ ಮೇಲೆ ಸಿಟ್ಟೂ ಉಳಿದಿಲ್ಲ. ಸೊಸೆಯ ಬೆನ್ನು ಉಳಿಯಲಿ ಎಂದೇ ಅವರು ಬೇಡವೆಂದಿರಬೇಕು. ಆದರೂ ಬೇಡವೆನ್ನುವ ಮಾತು ಅವರದಾಗಿರಲಿಲ್ಲ.

ಆದ್ದರಿಂದ ನಿನಗೆ ನಾನು ಹೇಳುವುದಿಷ್ಟೇ: ಮುಂದಿನ ಸಲ ತೋರಿಸಲು ಹೋದಾಗ "ಒಪ್ಪಿಗೆಯ ಕಾಗದಕ್ಕೆ ಯಾರು ಸಹಿ ಮಾಡುತ್ತಾರೆ" ಎಂದು ಕೇಳು. ಬುದ್ಧಿ ಸ್ವಾಧೀನದಲ್ಲಿರುವ ವಯಸ್ಕ ರೋಗಿಯ ಪರವಾಗಿ ಹೆತ್ತ ತಾಯಿ ಕೊಟ್ಟ ಒಪ್ಪಿಗೆಯೂ ಸಲ್ಲದೆಂದು ಸುಪ್ರೀಂ ಕೋರ್ಟು 2008ರಲ್ಲಿ ಸಮೀರಾ ಕೋಹ್ಲಿ ಪ್ರಕರಣದಲ್ಲಿ ಹೇಳಿದೆ ಎಂಬುದನ್ನು ವಕೀಲೆಯಾಗಿರುವ ಗೆಳತಿಯಿಂದ ತಿಳಿದೆ. ಗಂಡನ ಸಹಿಯನ್ನು ಆಸ್ಪತ್ರೆಗಳು ತಮ್ಮ ಅನುಕೂಲಕ್ಕೆ ಕೇಳುತ್ತವೆ; ಒಪ್ಪಿಗೆ ನಿನ್ನದೇ ಆಗಿರಬೇಕು. ಬೇಡವೆಂದು ನಿರ್ಧರಿಸಿದರೆ ಅದನ್ನೂ ನೀನೇ ಹೇಳು.
— ಹೆಸರು ಬೇಡ, ಗದಗ-ಬೆಟಗೇರಿ

ಓದುಗರು ಕೇಳಿದ ಮೂರೂ ಪ್ರಶ್ನೆಗಳನ್ನು ನೇರವಾಗಿ ಎತ್ತಿಕೊಂಡ ಪತ್ರ ಇದೊಂದೇ. — ಸಂ.

ನಾನು ಹುಬ್ಬಳ್ಳಿಯಲ್ಲಿ ಅರಿವಳಿಕೆ ತಜ್ಞೆಯಾಗಿ ಕೆಲಸ ಮಾಡುತ್ತೇನೆ. ಬ್ಯಾನಿ ಎದ್ದ ಮೇಲೆ ಎಪಿಡ್ಯೂರಲ್ ಕೇಳಬಹುದು. ಹೆಚ್ಚಿನವರು ಕೇಳುವುದು ಆಗಲೇ. ಆದರೆ ಅದಕ್ಕೆ ಬೇಕಾದ ವಿಚಾರಣೆ, ರಕ್ತಪರೀಕ್ಷೆ, ಖರ್ಚಿನ ಮಾತು ಇವೆಲ್ಲ ಮೊದಲೇ ಮುಗಿದಿರಬೇಕು. ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣಗಳು) ಬಹಳ ಕಡಿಮೆ ಇರುವವರಿಗೆ, ರಕ್ತ ತೆಳುವಾಗಿಸುವ ಔಷಧಿಯ ಪ್ರಭಾವದಲ್ಲಿರುವವರಿಗೆ, ಸೂಜಿ ಹಾಕುವ ಜಾಗದಲ್ಲಿ ಸೋಂಕು ಇರುವವರಿಗೆ ಇದನ್ನು ಕೊಡುವುದಿಲ್ಲ. ಹಾಕಿ ಮುಗಿಸಲು, ಆಮೇಲೆ ಔಷಧಿ ಹತ್ತಲು, ಎರಡೂ ಸೇರಿ ಮುಕ್ಕಾಲು ಗಂಟೆ ಹಿಡಿಯಬಹುದು. ಕೂಸಿನ ತಲೆ ಕಾಣಿಸುವ ಹೊತ್ತಿಗೆ ಬಂದು ಕೇಳಿದರೆ ನಮ್ಮಿಂದ ಏನೂ ಆಗದು.

ತಾಯಿಯವರ ಹೆದರಿಕೆಯ ಬಗ್ಗೆ ಎರಡು ಮಾತು. ನಮ್ಮ ಕಡೆ ಕೇಳಿಬರುವ "ಸೊಂಟ ಹೋಯಿತು" ಎಂಬ ಕತೆಗಳಲ್ಲಿ ಹೆಚ್ಚಿನವು ಸಿಸೇರಿಯನ್ ಆದವರವು. ಅವರಿಗೆ ಸಾಮಾನ್ಯವಾಗಿ ಕೊಡುವುದು ಸ್ಪೈನಲ್, ಅಂದರೆ ಬೆನ್ನುಹುರಿಯ ಸುತ್ತಲಿನ ದ್ರವದೊಳಗೆ ಒಂದೇ ಸಲ ಕೊಡುವ ಚುಚ್ಚುಮದ್ದು. ಎಪಿಡ್ಯೂರಲ್‌ನಲ್ಲಿ ಆ ದ್ರವದ ಚೀಲದ ಹೊರಗಿನ ಜಾಗಕ್ಕೆ, ಬೆನ್ನಿನ ಕೆಳಭಾಗದಲ್ಲಿ, ತೆಳ್ಳನೆಯ ಮೆತ್ತನೆಯ ನಳಿಕೆಯನ್ನು ಸೇರಿಸಿ ಸೂಜಿಯನ್ನು ಹೊರತೆಗೆದುಬಿಡುತ್ತೇವೆ. ಬೆನ್ನಿನಲ್ಲಿ ಉಳಿಯುವುದು ನಳಿಕೆ ಮಾತ್ರ. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು. ಪಡೆದವರನ್ನೂ ಪಡೆಯದವರನ್ನೂ ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ಬಹುಕಾಲದ ಬೆನ್ನುನೋವು ಎರಡೂ ಗುಂಪಿನಲ್ಲಿ ಒಂದೇ ಪ್ರಮಾಣದಲ್ಲಿ ಕಂಡಿದೆ. ಬಸಿರಿನಲ್ಲಿ ಸಡಿಲಾಗುವ ಕೀಲುಗಳೂ, ಕೂಸನ್ನು ಎತ್ತಿ ಬಗ್ಗಿ ಹಾಲೂಡಿಸುವ ತಿಂಗಳುಗಳೂ ಸೂಜಿ ಹಾಕಿಸಿಕೊಳ್ಳದವರ ಬೆನ್ನನ್ನೂ ನೋಯಿಸುತ್ತವೆ.

ತೊಂದರೆಗಳೇ ಇಲ್ಲವೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ರಕ್ತದೊತ್ತಡ ಇಳಿಯಬಹುದು, ಅದರಿಂದ ಕೂಸಿನ ಎದೆಬಡಿತವೂ ಸ್ವಲ್ಪ ಹೊತ್ತು ಇಳಿಯಬಹುದು. ಪಕ್ಕಕ್ಕೆ ಹೊರಳಿಸಿ, ಸಲೈನ್ ಏರಿಸಿ, ಔಷಧಿ ಕೊಟ್ಟು ಸರಿಪಡಿಸುತ್ತೇವೆ. ಅದಕ್ಕಾಗಿಯೇ ಎದೆಬಡಿತವನ್ನು ಮೇಲಿಂದ ಮೇಲೆ ನೋಡುತ್ತಿರಬೇಕಾಗುತ್ತದೆ. ಈಗ ಕೊಡುವ ಔಷಧಿಯ ಪ್ರಮಾಣ ಕಡಿಮೆಯಾದ್ದರಿಂದ ಕೂಸಿಗೆ ತಲುಪುವ ಅಂಶವೂ ಅಲ್ಪ. ತುರಿಕೆ, ನಡುಕ, ಸ್ವಲ್ಪ ಜ್ವರ, ಮೂತ್ರ ಕಟ್ಟಿಕೊಳ್ಳುವುದು ಇವು ಕೆಲವರಿಗೆ ಆಗುತ್ತವೆ. ಸುಮಾರು ನೂರರಲ್ಲಿ ಒಬ್ಬರಿಗೆ ಸೂಜಿ ಆ ದ್ರವದ ಚೀಲಕ್ಕೆ ತಗಲಿ ತೀವ್ರವಾದ ತಲೆನೋವು ಬರುತ್ತದೆ. ಅದಕ್ಕೆ ಚಿಕಿತ್ಸೆ ಇದೆ. ಎಂಟು-ಹತ್ತು ಜನರಲ್ಲಿ ಒಬ್ಬರಿಗೆ ನೋವು ಪೂರ್ತಿ ಹೋಗುವುದಿಲ್ಲ. ಕೂಸನ್ನು ಹೊರದೂಡುವ ಹಂತ ಉದ್ದವಾಗುತ್ತದೆ. ಸಿಸೇರಿಯನ್ ಮಾತ್ರ ಹೆಚ್ಚುವುದಿಲ್ಲ ಎಂಬುದನ್ನು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2018ರ ಕಾಕ್ರೇನ್ ಪರಾಮರ್ಶೆ ತೋರಿಸಿದೆ. ಕೂಸನ್ನು ಹೊರಗೆಳೆಯಲು ಇಕ್ಕಳ ಅಥವಾ ವ್ಯಾಕ್ಯೂಮ್ ಬಳಕೆ ಹಳೆಯ ಅಧ್ಯಯನಗಳಲ್ಲಿ ಹೆಚ್ಚಾಗಿ ಕಂಡಿತ್ತು. 2005ರ ನಂತರದವುಗಳಲ್ಲಿ ಆ ಹೆಚ್ಚಳ ಕಾಣಲಿಲ್ಲ. ಒಂದು ವೇಳೆ ತುರ್ತು ಸಿಸೇರಿಯನ್ ಬೇಕಾದರೆ ಬಹುತೇಕ ಅದೇ ನಳಿಕೆಯಿಂದಲೇ ಔಷಧಿ ಹೆಚ್ಚಿಸಿ ಶಸ್ತ್ರಚಿಕಿತ್ಸೆ ಮಾಡಬಹುದು.

ಆಸ್ಪತ್ರೆಯನ್ನು ಕೇಳಬೇಕಾದ ಪ್ರಶ್ನೆ ಇದು: ರಾತ್ರಿ ಎರಡು ಗಂಟೆಗೆ ಅರಿವಳಿಕೆ ತಜ್ಞರು ಒಳಗೇ ಇರುತ್ತಾರೆಯೇ, ಫೋನು ಮಾಡಿದ ಮೇಲೆ ಮನೆಯಿಂದ ಬರುತ್ತಾರೆಯೇ?
— ಅರಿವಳಿಕೆ ತಜ್ಞೆ, ಹುಬ್ಬಳ್ಳಿ

ಬ್ಯಾನಿ ತಿನ್ನದೆ ತಾಯಿಯಾಗುವುದು ಹೇಗೆ ಎಂಬ ಅತ್ತೆಯವರ ಮಾತು ಹೊಸತಲ್ಲ. 1847ರಲ್ಲಿ ಎಡಿನ್‌ಬರೋದ ವೈದ್ಯ ಜೇಮ್ಸ್ ಯಂಗ್ ಸಿಂಪ್ಸನ್ ಹೆರಿಗೆಗೆ ಕ್ಲೋರೋಫಾರ್ಮ್ ಬಳಸಿದಾಗ, ನೋವುಂಡು ಹೆರಬೇಕೆಂಬುದು ದೈವಾಜ್ಞೆ ಎಂಬ ವಾದವನ್ನು ಅವರೂ ಎದುರಿಸಿ ಉತ್ತರ ಬರೆಯಬೇಕಾಯಿತು. 1853ರಲ್ಲಿ ವಿಕ್ಟೋರಿಯಾ ರಾಣಿ ತಮ್ಮ ಎಂಟನೆಯ ಮಗುವನ್ನು ಹೆರುವಾಗ ವೈದ್ಯ ಜಾನ್ ಸ್ನೋ ಅವರಿಂದ ಅದನ್ನೇ ಪಡೆದರು. ಎಪಿಡ್ಯೂರಲ್ ಪದ್ಧತಿಯನ್ನು 1921ರಲ್ಲಿ ವಿವರಿಸಿದ ಫಿಡೆಲ್ ಪಾಹೆಸ್ ಎಂಬವರು ಸ್ಪೇನಿನ ಸೈನ್ಯದ ಶಸ್ತ್ರವೈದ್ಯರು. ಗಾಯಗೊಂಡ ಸಿಪಾಯಿಗಳಿಗೆ ಬೆನ್ನಿನ ಸೂಜಿ ಕೊಡುವಾಗ "ನೋವು ತಿನ್ನದೆ ವೀರನಾಗುವುದು ಹೇಗೆ" ಎಂದು ಯಾರಾದರೂ ಕೇಳಿದ್ದರೆ ಅದು ನನ್ನ ಓದಿಗೆ ಸಿಕ್ಕಿಲ್ಲ.
— ನಿವೃತ್ತ ಇತಿಹಾಸ ಅಧ್ಯಾಪಕ, ಧಾರವಾಡ

ನಾನು ಹಾಕಿಸಿಕೊಂಡವಳು. ಮೊದಲು ಬಲಗಡೆ ಮಾತ್ರ ನೋವು ಹೋಯಿತು, ಎಡಗಡೆ ಹಾಗೇ ಉಳಿಯಿತು. ಅರಿವಳಿಕೆಯವರು ಮತ್ತೆ ಬಂದು, ನಳಿಕೆಯನ್ನು ಸ್ವಲ್ಪ ಹಿಂದಕ್ಕೆಳೆದು ಇನ್ನೊಮ್ಮೆ ಔಷಧಿ ಕೊಟ್ಟ ಮೇಲೆ ಸರಿಹೋಯಿತು. ಆಮೇಲೆ ನಿದ್ದೆ ಬಂತು. ಹೆರಿಗೆಯ ನಡುವೆ ನಿದ್ದೆ ಮಾಡಿದೆ ಎಂದರೆ ನಮ್ಮ ಓಣಿಯಲ್ಲಿ ಇಂದಿಗೂ ಯಾರೂ ನಂಬುವುದಿಲ್ಲ. ಕೊನೆಯಲ್ಲಿ ಯಾವಾಗ ಮುಕ್ಕಬೇಕೆಂಬುದು ನನಗೆ ಸರಿಯಾಗಿ ತಿಳಿಯಲಿಲ್ಲ, ನರ್ಸ್ ಹೊಟ್ಟೆಯ ಮೇಲೆ ಕೈಯಿಟ್ಟು ಹೇಳಿದಂತೆ ಮಾಡಿದೆ, ವ್ಯಾಕ್ಯೂಮ್ ಹಚ್ಚಬೇಕಾಯಿತು. ಇನ್ನೊಮ್ಮೆ ಬಸಿರಾದರೆ ಮತ್ತೆ ಹಾಕಿಸಿಕೊಳ್ಳುತ್ತೇನೆಯೇ ಎಂದು ಕೇಳಿದರೆ, ಹೌದು.
— ಬ್ಯಾಂಕ್ ಉದ್ಯೋಗಿ, ಸಪ್ತಾಪುರ, ಧಾರವಾಡ

ಎಪಿಡ್ಯೂರಲ್ ಸಿಗುವ ಊರಿನವರು ಮಾತ್ರ ನಮ್ಮ ಓದುಗರಲ್ಲ ಎಂಬುದನ್ನು ಮುಂದಿನ ಪತ್ರ ನೆನಪಿಸಿತು. — ಸಂ.

ನಾನು ತಾಲ್ಲೂಕು ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ನರ್ಸ್. ನಮ್ಮಲ್ಲಿ ಅರಿವಳಿಕೆ ತಜ್ಞರು ಒಬ್ಬರೇ. ಸಿಸೇರಿಯನ್‌ಗಳಿಗೇ ಅವರ ಹೊತ್ತು ಸಾಲದು. ತಾಯಿ ಕಾರ್ಡು ಹಿಡಿದು 108ರಲ್ಲಿ ಬರುವ ಹೆಣ್ಣುಮಕ್ಕಳಲ್ಲಿ ಎಪಿಡ್ಯೂರಲ್ ಹೆಸರು ಕೇಳಿದವರು ವಿರಳ. ಅವರಿಗೂ ನೋವು ಅಷ್ಟೇ ಇರುತ್ತದೆ. ಮಲಗಿಸಿಯೇ ಇಡದೆ ಓಡಾಡಲು ಬಿಡುವುದು, ಗೋಡೆಗೋ ಮಂಚಕ್ಕೋ ಆತು ನಿಲ್ಲಲು ಹೇಳುವುದು, ಸೊಂಟ ತಿಕ್ಕುವುದು, ಬಿಸಿನೀರಿನ ಚೀಲ ಇಡುವುದು, ನೀರು ಕುಡಿಸುವುದು, ಬೈಯದಿರುವುದು, ಬೇಕಾದರೆ ವೈದ್ಯರನ್ನು ಕೇಳಿ ನೋವಿನ ಚುಚ್ಚುಮದ್ದು ಕೊಡುವುದು ಇಷ್ಟು ನಮ್ಮ ಕೈಯಲ್ಲಿದೆ. ಇವುಗಳಲ್ಲಿ ಕೊನೆಯದೊಂದಕ್ಕೆ ಮಾತ್ರ ಔಷಧಿ ಬೇಕು, ಉಳಿದವಕ್ಕೆ ಸಿಬ್ಬಂದಿ ಬೇಕು. ಒಬ್ಬ ನರ್ಸ್ ಮೂವರು ಗರ್ಭಿಣಿಯರನ್ನು ನೋಡಿಕೊಳ್ಳುವ ರಾತ್ರಿ ಅದೂ ಆಗುವುದಿಲ್ಲ. ಆ ಹುಡುಗಿ ತವರಿನಲ್ಲೇ ಹಡೆಯುವುದಾದರೆ ಜೊತೆಗೆ ಒಳಗೆ ನಿಲ್ಲುವವರು ಯಾರೆಂದು ಮೊದಲೇ ಗೊತ್ತುಮಾಡಿಕೊಳ್ಳಲಿ.
— ಶುಶ್ರೂಷಾಧಿಕಾರಿ, ಗದಗ ಜಿಲ್ಲೆ

ಜೊತೆಗೆ ನಿಲ್ಲುವವರ ಮಾತು ಬಂದದ್ದರಿಂದ, ಪ್ರಶ್ನೆಗೆ ನೇರವಾಗಿ ಸೇರದಿದ್ದರೂ ಈ ಪತ್ರ. — ಸಂ.

"ನಿನಗೆ ತಿಳಿದಂತೆ ಮಾಡು" ಎಂದ ಆ ಪತಿಗೆ ನನ್ನದೊಂದು ಮಾತು. ನಾನೂ ಹಾಗೆಯೇ ಹೇಳುತ್ತಿದ್ದವನು. ಅದು ಉದಾರವಾದ ಮಾತೆಂದು ಗಂಡಸರಿಗೆ ತೋರುತ್ತದೆ, ಕೇಳುವವರಿಗೆ ಒಂಟಿಯಾಗಿ ಬಿಟ್ಟಂತೆ ಅನಿಸುತ್ತದೆ. ಹೆರಿಗೆ ಸಂಗಾತಿಯನ್ನು ಒಳಗೆ ಬಿಡಲು ಕೇಂದ್ರ ಸರ್ಕಾರ 2016ರಲ್ಲಿಯೇ ಸರ್ಕಾರಿ ಆಸ್ಪತ್ರೆಗಳಿಗೆ ಸೂಚಿಸಿದೆ. ಮರೆ ಇಲ್ಲದ ಕೋಣೆಗಳಲ್ಲಿ ಗಂಡಸರನ್ನು ಬಿಡುವುದಿಲ್ಲ, ಅದು ಸರಿಯೇ. ಬಿಡುವ ಆಸ್ಪತ್ರೆಯಾದರೆ ಒಳಗೆ ಹೋಗು. ಬಿಡದಿದ್ದರೆ ಹೊರಗೆ ಕುಳಿತು, ಹಿರಿಯರು ಏನೆಂದರೂ ಅವಳು ಹೇಳಿದ್ದನ್ನೇ ಹೇಳು.
— ಕಾಳು ವ್ಯಾಪಾರಿ, ರಾಣೆಬೆನ್ನೂರು

ಮಗಳ ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬುದು ಎಲ್ಲ ತಾಯಂದಿರ ಆಸೆ. ನನ್ನ ಮಗಳೂ ಹುಬ್ಬಳ್ಳಿಯಲ್ಲೇ ಹಡೆಯುತ್ತೇನೆ ಎಂದಾಗ ನನಗೆ ಕಣ್ಣೀರು ಬಂದಿತ್ತು, ಮಂದಿ ಏನಂದಾರು ಎಂಬ ಚಿಂತೆಯೂ ಹತ್ತಿತ್ತು. ಆಮೇಲೆ ಅಳವಿ, ಕೊಬ್ಬರಿ, ಅಂಟು, ಬೆಲ್ಲ, ಎಣ್ಣೆ ಎಲ್ಲವನ್ನೂ ಕಟ್ಟಿಕೊಂಡು ದಿನ ತುಂಬುವ ಹದಿನೈದು ದಿನ ಮೊದಲೇ ನಾನೇ ಅವಳ ಮನೆಗೆ ಹೋಗಿ ಇದ್ದೆ. ಹೆರಿಗೆಯಾಗಿ ಹನ್ನೆರಡನೆಯ ದಿನಕ್ಕೆ ತೊಟ್ಟಿಲು ಅಲ್ಲೇ ಹಾಕಿದೆವು, ತಿಂಗಳಾದ ಮೇಲೆ ಕೂಸು-ಬಾಣಂತಿಯನ್ನು ಊರಿಗೆ ಕರೆತಂದು ಉಳಿದ ಬಾಣಂತನ ಮುಗಿಸಿದೆ. ಅವಳು ಸೂಜಿ ಹಾಕಿಸಿಕೊಂಡಳೋ ಇಲ್ಲವೋ ಎಂದು ನಾನು ಯಾರಿಗೂ ಹೇಳಿಲ್ಲ, ಇಲ್ಲಿಯೂ ಬರೆಯುವುದಿಲ್ಲ.
— ಒಬ್ಬ ಅಜ್ಜಿ, ಹಾವೇರಿ

ಈ ವಿಷಯದ ಪತ್ರಗಳನ್ನು ಇಲ್ಲಿಗೆ ನಿಲ್ಲಿಸಿದ್ದೇವೆ. ಪ್ರಶ್ನೆ ಕೇಳಿದ ಓದುಗರು ಮುಂದಿನ ವಾರ ಅರಿವಳಿಕೆ ತಜ್ಞರನ್ನು ಭೇಟಿಯಾಗಲಿದ್ದು, ತಾಯಿಯವರನ್ನೂ ಜೊತೆಗೆ ಕರೆದುಕೊಂಡು ಹೋಗುವುದಾಗಿ ತಿಳಿಸಿದ್ದಾರೆ. ಬೆಟಗೇರಿಯ ಓದುಗರಿಗೆ ಬಂದಿರುವ ಪ್ರತ್ಯೇಕ ಪತ್ರಗಳನ್ನು ಅವರಿಗೇ ತಲುಪಿಸಲಾಗುವುದು. — ಸಂ.