ಹೊರರಾಜ್ಯಕ್ಕೆ ಲೋಡ್ ಹೊಡೆಯೋಕೆ ಏನೇನು ಮಾಡಿಸಬೇಕು? ಅನುಭವ ಇದ್ದವರು ಹೇಳಿ

ಕೋಲಾರದ ಹೊಸಬ: ಸೆಕೆಂಡ್ ಹ್ಯಾಂಡ್ ಪಿಕಪ್ ಒಂದು ನೋಡಿದ್ದೇನೆ. ಕೋಲಾರ ಎಪಿಎಂಸಿಯಿಂದ ಚೆನ್ನೈಗೆ ಟೊಮೆಟೊ ಬಾಡಿಗೆ ಹೊಡೆಯುವ ಯೋಚನೆ. ಗಾಡಿ ಒಂದೇ, ಡ್ರೈವರ್ ನಾನೇ. ಬೇರೆ ರಾಜ್ಯಕ್ಕೆ ಸರಕು ಒಯ್ಯುವ ನ್ಯಾಷನಲ್ ಪರ್ಮಿಟ್ (ಎನ್‌ಪಿ) ಬೇಕಾ? ಜಿಎಸ್‌ಟಿ ಬೇಕಾ? ಒಬ್ಬರು ಏನೂ ಬೇಡ ಅಂತಾರೆ, ಇನ್ನೊಬ್ಬರು ಎಲ್ಲಾ ಬೇಕು ಅಂತಾರೆ.

ಆರು ಚಕ್ರ: ಪಿಕಪ್ ವಿಷಯ ಆಮೇಲೆ. ಮೊದಲು ನನ್ನ ಕಥೆ ಕೇಳಿ. ಹಳೇ ಲಾರಿ ತಗೊಂಡೆ. ಇಂಜಿನ್ ಕೆಲಸಕ್ಕೆ 1,40,000, ಎರಡು ಹೊಸ ಟೈರು, ಬಾಡಿ ಪೇಂಟಿಂಗ್ 38,000. ಮುಂದೆ ಹಿಂದೆ 'ನ್ಯಾಷನಲ್ ಪರ್ಮಿಟ್' ಅಂತ ಬರೆಸಲು ಪೇಂಟರ್‌ಗೆ ಬೇರೆ ದುಡ್ಡು. ಆಮೇಲೆ ಗೊತ್ತಾಯಿತು, ಗಾಡಿಗೆ 12 ವರ್ಷ ದಾಟಿದೆ, ಎನ್‌ಪಿ ಸಿಗಲ್ಲ. ಮಲ್ಟಿ ಆಕ್ಸಲ್ (ಎರಡಕ್ಕಿಂತ ಹೆಚ್ಚು ಆಕ್ಸಲ್ ಇರುವ ಗಾಡಿ) ಆಗಿದ್ದರೆ 15 ವರ್ಷದವರೆಗೆ ಎನ್‌ಪಿ ಸಿಗುತ್ತಿತ್ತು, ನನ್ನದು ಎರಡೇ ಆಕ್ಸಲ್. ಮಾರಿದವನು ಬಾಯಿ ಬಿಡಲಿಲ್ಲ, ದಲ್ಲಾಳಿಯೂ ಬಿಡಲಿಲ್ಲ. ಈಗ ಜಿಲ್ಲೆಯೊಳಗೆ ಜಲ್ಲಿ ಹೊಡೆಯುತ್ತಿದ್ದೇನೆ. ಆ ಅಕ್ಷರ ಇನ್ನೂ ಅಳಿಸಿಲ್ಲ, ಅಳಿಸಲೂ ಅವನು 600 ಕೇಳುತ್ತಾನೆ.

ಸಣ್ಣ ಗಾಡಿ ದೊಡ್ಡ ಮನಸ್ಸು: ಇವರ ಕಥೆಗೂ ಪ್ರಶ್ನೆಗೂ ಏನು ಸಂಬಂಧ? ಜಿವಿಡಬ್ಲ್ಯು (ಗಾಡಿ, ಲೋಡ್ ಸೇರಿ ಒಟ್ಟು ತೂಕದ ಮಿತಿ) 3,000 ಕೆಜಿ ದಾಟದ ಗಾಡಿಗೆ ಪರ್ಮಿಟ್ಟೇ ಬೇಡ. ಮೋಟಾರು ವಾಹನ ಕಾಯ್ದೆ 66(3)ರಲ್ಲೇ ಇದೆ. ಅದರ ಪ್ರಿಂಟ್ ಲ್ಯಾಮಿನೇಟ್ ಮಾಡಿಸಿ ಡ್ಯಾಶ್‌ಬೋರ್ಡ್ ಮೇಲೆ ಇಟ್ಟಿದ್ದೇನೆ. ಗಡಿಯಲ್ಲಿ ಒಬ್ಬರು ಪರ್ಮಿಟ್ ತೋರಿಸು ಅಂದರು. ಅದನ್ನು ಕೈಗೆ ಕೊಟ್ಟೆ. ಓದಿದರು, ಬಿಟ್ಟರು. ಒಂದು ರೂಪಾಯಿ ಕೊಟ್ಟಿಲ್ಲ.

ಆರು ಚಕ್ರ: ಒಂದು ರೂಪಾಯಿ ಕೊಟ್ಟಿಲ್ವಂತೆ! ಪಕ್ಕದ ರಾಜ್ಯದ ಟ್ಯಾಕ್ಸ್ ಯಾರು ಕಟ್ಟಿದರು? ಪರ್ಮಿಟ್ ವಿನಾಯಿತಿ ಬೇರೆ, ಟ್ಯಾಕ್ಸ್ ಬೇರೆ. ಎನ್‌ಪಿಗೆ ವರ್ಷಕ್ಕೆ 16,500 ಕಾಂಪೋಸಿಟ್ ಫೀ (ಎಲ್ಲಾ ರಾಜ್ಯಕ್ಕೂ ಸೇರಿ ಒಂದೇ), 1,000 ಆಥರೈಸೇಷನ್ ಫೀ ಕೊಟ್ಟರೆ ಬೇರೆ ರಾಜ್ಯಗಳ ತಲೆನೋವು ಮುಗಿಯಿತು. 2010ಕ್ಕೆ ಮೊದಲು ಒಂದೊಂದು ರಾಜ್ಯಕ್ಕೂ ಬೇರೆ ಡಿಡಿ ಮಾಡಿಸುತ್ತಿದ್ದರು. ಆಗ ನೀವು ಎಲ್ಲಿದ್ದಿರಿ?

ಸಣ್ಣ ಗಾಡಿ ದೊಡ್ಡ ಮನಸ್ಸು: ಎನ್‌ಪಿ ಸಿಗದವರು ಎನ್‌ಪಿ ಗುಣಗಾನ ಮಾಡೋದು ನೋಡಿ.

ಹುಬ್ಬಳ್ಳಿ ಬುಕಿಂಗ್: ಇಬ್ಬರೂ ಗಾಡಿ ಬಿಟ್ಟು ಬೇರೆ ಮಾತಾಡಲ್ವಾ? ಲೋಡ್ ಹಿಡಿದು ಗಾಡಿಗೆ ಹಾಕಿಸುವ ನಮ್ಮಂಥ ಬುಕಿಂಗ್ ಆಫೀಸಿನವರು 2007ರ ಕ್ಯಾರೇಜ್ ಬೈ ರೋಡ್ ಕಾಯ್ದೆಯಲ್ಲಿ ಕಾಮನ್ ಕ್ಯಾರಿಯರ್ (ಬಾಡಿಗೆಗೆ ಎಲ್ಲರ ಸರಕು ಸಾಗಿಸುವವರು) ಅಂತ ನೋಂದಣಿ ಮಾಡಿಸಬೇಕು. ಹತ್ತು ವರ್ಷಕ್ಕೆ ಒಂದು ಸರ್ಟಿಫಿಕೇಟ್. ನಾನು ಮಾಡಿಸಿದ್ದೇನೆ, ಗೋಡೆಗೆ ಹಾಕಿದ್ದೇನೆ. ನಮ್ಮ ಬೀದಿಯಲ್ಲಿ ಎಷ್ಟು ಜನ ಮಾಡಿಸಿದ್ದಾರೆ ಕೇಳಿ. ಅವರೇ ನನಗಿಂತ ಕಡಿಮೆ ರೇಟಿಗೆ ಲೋಡ್ ಎತ್ತುತ್ತಾರೆ. ಜಿಎಸ್‌ಟಿ ವಿಷಯ: ಬಿಲ್ಟಿ (ಸರಕು ತಗೊಂಡಿದ್ದಕ್ಕೆ ಕೊಡುವ ರಸೀದಿ) ಕೊಡುವವನು ಜಿಟಿಎ, ಅಂದರೆ ಜಿಎಸ್‌ಟಿ ಲೆಕ್ಕದಲ್ಲಿ ಸರಕು ಸಾಗಣೆ ಏಜೆನ್ಸಿ. ಬಿಲ್ಟಿ ಕೊಡದೆ ಸುಮ್ನೆ ಗಾಡಿ ಬಾಡಿಗೆಗೆ ಓಡಿಸುವವನಿಗೆ ಆ ತೆರಿಗೆ ಇಲ್ಲ. ಟೊಮೆಟೊಗೆ ಇ-ವೇ ಬಿಲ್ಲೂ (ಸರಕು ಸಾಗಿಸಲು ಆನ್‌ಲೈನಿನಲ್ಲಿ ತೆಗೆಯುವ ಜಿಎಸ್‌ಟಿ ಚೀಟಿ) ಬೇಡ.

ಚಿತ್ರದುರ್ಗ ಡ್ರೈವರ್ ಕಮ್ ಓನರ್: ಬುಕಿಂಗ್ ಅಣ್ಣ, ಸರ್ಟಿಫಿಕೇಟ್ ಗೋಡೆಗೆ ಹಾಕಿ ಸಂತೋಷ. ಆದರೆ ನಿಮ್ಮಂಥ ಒಂದು ಆಫೀಸಿನವರು ನನ್ನ ಬಾಡಿಗೆಯಲ್ಲಿ ಟಿಡಿಎಸ್ (ಮೊದಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿದಿದ್ದು ಯಾಕೆ? ಹತ್ತು ಗಾಡಿಯವರೆಗೆ ಇರುವವನು ಪ್ಯಾನ್ ಕೊಟ್ಟು ಡಿಕ್ಲರೇಷನ್ ಬರೆದುಕೊಟ್ಟರೆ ಹಿಡಿಯುವ ಹಾಗಿಲ್ಲ. ನನ್ನದು ಎರಡೇ ಗಾಡಿ. ಬರೆದುಕೊಟ್ಟಿದ್ದೆ. 'ಆಡಿಟರ್ ಹೇಳಿದ್ರು' ಅಂತ ಒಂದೇ ಉತ್ತರ. ರೀಫಂಡ್ ಬರುವಷ್ಟರಲ್ಲಿ ಇಎಂಐ ಬೌನ್ಸ್, ಅದಕ್ಕೆ ಬ್ಯಾಂಕ್ ಚಾರ್ಜ್ 590, ಫೈನಾನ್ಸಿನವರದು ಬೇರೆ.

ಹುಬ್ಬಳ್ಳಿ ಬುಕಿಂಗ್: ಆ ಆಫೀಸು ನಂದಲ್ಲ. ಡೀಸೆಲ್ ಅಡ್ವಾನ್ಸ್ ತಗೊಂಡು ಫೋನ್ ಸ್ವಿಚ್ ಆಫ್ ಮಾಡುವ ಡ್ರೈವರ್‌ಗಳ ಲೆಕ್ಕ ನಾನೂ ಬರೆಯಲಾ?

ಚಿತ್ರದುರ್ಗ ಡ್ರೈವರ್ ಕಮ್ ಓನರ್: ಬರೀರಿ. ಅನ್‌ಲೋಡಿಂಗ್‌ಗೆ ಎರಡು ದಿನ ಕಾಯಿಸಿ ಹಾಲ್ಟಿಂಗ್ ದುಡ್ಡು (ಗಾಡಿ ಕಾಯಿಸಿದ್ದಕ್ಕೆ ಕೊಡುವುದು) ಕೊಡದವರ ಪಟ್ಟಿ ನನ್ನ ಹತ್ರ ಇದೆ.

ಸಣ್ಣ ಗಾಡಿ ದೊಡ್ಡ ಮನಸ್ಸು: ಹೊಸಬರೇ, ಎಲೆಕ್ಟ್ರಿಕ್ ತಗೊಳ್ಳಿ. ಬ್ಯಾಟರಿ ಗಾಡಿಗೆ 2018ರಿಂದ ಪರ್ಮಿಟ್ ಇಲ್ಲ.

ಆರು ಚಕ್ರ: ಚೆನ್ನೈಗೆ ಹೋಗುವಾಗ ಎಲ್ಲಿ ಚಾರ್ಜ್ ಮಾಡೋದು? ಟೊಮೆಟೊ ದಾರಿಯಲ್ಲೇ ಸಾರು ಆಗುತ್ತೆ.

ಕೋಲಾರದ ಹೊಸಬ: ಆರ್‌ಸಿಯಲ್ಲಿ ಜಿವಿಡಬ್ಲ್ಯು 3,000 ದಾಟಿದೆ. ಆಗ?

ಚಿತ್ರದುರ್ಗ ಡ್ರೈವರ್ ಕಮ್ ಓನರ್: ಆಗ ಪರ್ಮಿಟ್ ಬೇಕು. ಪರ್ಮಿಟ್ ಇಲ್ಲದೆ ಸಿಕ್ಕರೆ 10,000 ದಂಡ. ಅದಿರಲಿ, ಬಾಕ್ಸ್ ಜಾಸ್ತಿ ಏರಿಸಬೇಡಿ. ಓವರ್‌ಲೋಡಿಗೆ 20,000, ಮೇಲೆ ಪ್ರತಿ ಟನ್ನಿಗೆ 2,000. ಮಂಡಿಯವನು 'ಇನ್ನೊಂದು ಸಾಲು ಹಾಕು' ಅಂತಾನೆ. ದಂಡ ಕಟ್ಟುವಾಗ ಅವನು ಫೋನ್ ಎತ್ತಲ್ಲ.

ಹುಬ್ಬಳ್ಳಿ ಬುಕಿಂಗ್: ಮಂಡಿಯವರನ್ನು ಯಾಕೆ ಎಳೀತೀರಿ? ನನ್ನ ಭಾವಂದು ಕೋಲಾರದಲ್ಲಿ ಮಂಡಿ ಇದೆ.

ಆರು ಚಕ್ರ: ಅದಕ್ಕೇ ರೇಟು ಯಾಕೆ ಬೀಳುತ್ತೆ ಅಂತ ಗೊತ್ತಾಯಿತು ಬಿಡಿ.