ಉತ್ತರದ ಸಣ್ಣ ಕೆರೆಗಳಲ್ಲಿ ಟ್ರೌಟ್: ಗೈಡ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಮಿನ್ನೆಸೋಟದ ಈಲಿ ಸುತ್ತಮುತ್ತ ಫ್ಲೈ ಫಿಶಿಂಗ್ (ಗರಿ, ದಾರ ಸುತ್ತಿದ ಕೃತಕ ಹುಳು, ಅಂದರೆ ಫ್ಲೈ ಕಟ್ಟಿ ಮೀನು ಹಿಡಿಯುವುದು) ಗೈಡ್ ಆಗಿರುವ ನಮ್ಮ ಗುಂಪಿನ ಸದಸ್ಯರು ಇವತ್ತು ಉತ್ತರ ಕೊಡುತ್ತಾರೆ. ಸರ್ಕಾರ ಟ್ರೌಟ್ ಮೀನಿನ ಮರಿ ಬಿಟ್ಟು ಬೆಳೆಸುವ ಸಣ್ಣ ಕೆರೆಗಳ ಬಗ್ಗೆ ಕೇಳಿ.

ರೋಚೆಸ್ಟರ್ ಸದಸ್ಯ: ನಮಸ್ಕಾರ ಸರ್. ಮೊದಲ ಸಲ ಬರುತ್ತಿದ್ದೇನೆ. ಯಾವ ರಾಡ್, ಯಾವ ಲೈನ್, ಯಾವ ಫ್ಲೈ?

ಗೈಡ್: ನಮಸ್ಕಾರ, ಬನ್ನಿ. 5 ಅಥವಾ 6 ವೇಟ್ ರಾಡ್ (ವೇಟ್ ಅಂದರೆ ಎಸೆಯುವ ಲೈನಿನ ತೂಕದ ಅಂಕೆ). ಒಂದೇ ಲೈನ್ ಕೊಳ್ಳುವುದಾದರೆ ನಿಧಾನ ಮುಳುಗುವ ಇಂಟರ್‌ಮೀಡಿಯೇಟ್. ಕಪ್ಪು ಅಥವಾ ಆಲಿವ್ ಬಣ್ಣದ ವೂಲಿ ಬಗರ್ ಫ್ಲೈ ಕಟ್ಟಿ, ತುಂಬಾ ನಿಧಾನವಾಗಿ ಎಳೆಯಿರಿ. ಮೇ ತಿಂಗಳಲ್ಲಿ ಮೀನು ದಡದ ಹತ್ತಿರವೇ ತಿರುಗುತ್ತವೆ, ದೂರ ಎಸೆಯಬೇಕಿಲ್ಲ. ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಲ್ಲಿ ಒತ್ತಿಬಿಡಿ. ಲೈಸೆನ್ಸ್ ಜೊತೆ ಟ್ರೌಟ್ ಸ್ಟಾಂಪ್ (ಟ್ರೌಟ್ ಹಿಡಿಯಲು ಬೇಕಾದ ಹೆಚ್ಚುವರಿ ಪರವಾನಗಿ) ಮರೆಯಬೇಡಿ.

ಈಡನ್ ಪ್ರೇರಿ ಸದಸ್ಯ: ಜುಲೈ 4ರ ರಜೆಯಲ್ಲಿ ನಡು ಮಧ್ಯಾಹ್ನ 11 ರೇನ್‌ಬೋ ಟ್ರೌಟ್ ಹಿಡಿದು ಎಲ್ಲವನ್ನೂ ವಾಪಸ್ ಬಿಟ್ಟೆವು. ಮಕ್ಕಳು ಒಂದೊಂದರ ಜೊತೆಗೂ ಫೋಟೋ ತೆಗೆಸಿಕೊಂಡರು. ಸಂಜೆ ನೋಡಿದರೆ ನಾಲ್ಕು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಕಿವಿರಿನಿಂದ ರಕ್ತ ಬಂದರೆ ಸೋಡಾ ಸುರಿಯಿರಿ ಅಂತ ಒಂದು ವಿಡಿಯೋ ಬಂದಿದೆ. ಹಾಗೆ ಮಾಡಿದ್ದರೆ ಉಳಿಯುತ್ತಿದ್ದವಾ?

ಗೈಡ್: ಇಲ್ಲ. ಸೋಡಾ ವಿಡಿಯೋ ದಯವಿಟ್ಟು ಯಾರಿಗೂ ಕಳಿಸಬೇಡಿ. ಕೆನಡಾದ ಕಾರ್ಲ್ಟನ್ ವಿಶ್ವವಿದ್ಯಾಲಯದವರು ಇದನ್ನು ಪೈಕ್ ಮೀನಿನ ಮೇಲೆ ಪರೀಕ್ಷೆ ಮಾಡಿ 2020ರಲ್ಲಿ ಪ್ರಕಟಿಸಿದರು. ಸೋಡಾದಿಂದ ಏನೂ ಉಪಯೋಗ ಕಾಣಲಿಲ್ಲ.

ನಿಮ್ಮ ಮೀನು ಸತ್ತಿದ್ದು ಬಿಸಿ ನೀರಿಗೆ ಮತ್ತು ಫೋಟೋಗೆ. ನೀರು 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ರೇನ್‌ಬೋಗೆ ಕಷ್ಟ. ಜುಲೈನಲ್ಲಿ ಮೇಲಿನ ನೀರು ಬಿಸಿ, ತಳದ ನೀರಲ್ಲಿ ಆಮ್ಲಜನಕ ಕಡಿಮೆ. ಮೀನು ನಡುವಿನ ತೆಳು ಪದರದಲ್ಲಿ ಸಿಕ್ಕಿಕೊಂಡಿರುತ್ತದೆ. ಅಲ್ಲಿಂದ ಬಿಸಿ ನೀರಿಗೆ ಎಳೆದು, ಸುಸ್ತು ಮಾಡಿ, ಆಮೇಲೆ ಗಾಳಿಯಲ್ಲಿ ಹಿಡಿದು ನಿಲ್ಲುತ್ತೇವೆ. 1992ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ದಣಿದ ರೇನ್‌ಬೋಗಳನ್ನು 60 ಸೆಕೆಂಡ್ ನೀರಿನಾಚೆ ಇಟ್ಟರು. 12 ಗಂಟೆಯೊಳಗೆ 72% ಸತ್ತವು. ಬೇಸಿಗೆಯಲ್ಲಿ ಹಿಡಿದು ಬಿಡುವ ಆಟ ಬೇಡ. ಊಟಕ್ಕೆ ಬೇಕಾದಷ್ಟು ಹಿಡಿದು ನಿಲ್ಲಿಸಿ. ಮಿತಿ 5, ಅದರಲ್ಲಿ 16 ಇಂಚು ಮೀರಿದವು 3 ಮಾತ್ರ.

ಮ್ಯಾಡಿಸನ್ ಸದಸ್ಯ: ನಮ್ಮ ಭಾವ ಕೋಕ್ ಹಾಕುತ್ತಾರೆ. ರಕ್ತ ನಿಂತಿದ್ದನ್ನು ನಾನೇ ನೋಡಿದ್ದೇನೆ.

ಗೈಡ್: ಹಾಕದಿದ್ದರೂ ನಿಲ್ಲುತ್ತಿತ್ತು. ರಕ್ತ ತಾನಾಗಿಯೇ ಹೆಪ್ಪುಗಟ್ಟುತ್ತದೆ.

ಡುಲೂತ್ ಸದಸ್ಯೆ: ಬಿಡುವುದಕ್ಕೇ ಹಿಡಿಯುವುದಾದರೆ ಹಿಡಿಯುವುದಾದರೂ ಯಾಕೆ? ಸುಮ್ನೆ ಹಿಂಸೆ ಅಲ್ವಾ?

ಶಿಕಾಗೋ ಸದಸ್ಯ: ಕಾವೇರಿಯಲ್ಲಿ ಭೀಮೇಶ್ವರಿ ಕಡೆ ಮಹಶೀರ್ ಹಿಡಿದು ಬಿಡುತ್ತಿದ್ದರು. ಗಾಳದವರು ಹೊಳೆ ಕಾಯುತ್ತಿದ್ದರಿಂದಲೇ ಡೈನಮೈಟ್ ಹಾಕುವವರು ದೂರ ಇದ್ದರು.

ಡುಲೂತ್ ಸದಸ್ಯೆ: ಅದು ವನ್ಯಧಾಮ. ಅಲ್ಲಿ ಗಾಳ ನಿಲ್ಲಿಸಿದ್ದೇ ಸರಿ.

ಶಿಕಾಗೋ ಸದಸ್ಯ: ನಿಲ್ಲಿಸಿದ ಮೇಲೆ ಹೊಳೆ ಕಾಯುವವರು ಯಾರು? ಅಲ್ಲಿಗೆ ಹೋಗಿ ನೋಡಿದ್ದೀರಾ?

ಡುಲೂತ್ ಸದಸ್ಯೆ: ನೋಡಿದ್ದೇನೆ. ನನ್ನ ತವರು ಕನಕಪುರ. ನೀವು ಕ್ಯಾಂಪಿಗೆ ಬಂದು ಹೋದವರು, ನಾವು ಅಲ್ಲೇ ಇದ್ದವರು.

ಗೈಡ್: ಎರಡೂ ಬೇರೆ ಲೆಕ್ಕ. ಮಹಶೀರ್ ಆ ಹೊಳೆಯದೇ ಮೀನು, ಅಲ್ಲೇ ಮೊಟ್ಟೆ ಇಡುತ್ತದೆ. ರೇನ್‌ಬೋ ಮೊಟ್ಟೆಗೆ ಜಲ್ಲಿಕಲ್ಲಿನ ಮೇಲೆ ಹರಿಯುವ ನೀರು ಬೇಕು. ಈ ಕೆರೆಗಳಲ್ಲಿ ಅದಿಲ್ಲ. ಇವನ್ನು ತಿನ್ನಲೆಂದೇ ಬಿಡುವುದು.

ಬ್ಲೂಮಿಂಗ್ಟನ್ ಸದಸ್ಯ: ಊರಿಗೆ ಹೋದಾಗ ನೀಲಗಿರಿಯ ಅವಲಾಂಚಿ ಕಡೆ ಟ್ರೌಟ್ ಹಿಡಿಯಲು ಅನುಮತಿ ಸಿಗುತ್ತದಾ?

ಸೇಂಟ್ ಪಾಲ್ ಸದಸ್ಯ: ಸರ್, ಒಂದು ವಿಷಯ ಹೇಳಿಕೊಳ್ಳಬೇಕು. ಹೋದ ಶನಿವಾರ ಒಂದು ಸಣ್ಣ ಟ್ರೌಟ್ ಕೆರೆಯಲ್ಲಿದ್ದೆ. ಫ್ಲೈಗೆ ಏನೂ ಬೀಳಲಿಲ್ಲ. ಕಾರಲ್ಲಿ ಜೀವಂತ ಮಿನ್ನೋ (ಗಾಳಕ್ಕೆ ಸಿಕ್ಕಿಸುವ ಸಣ್ಣ ಮೀನು) ಇದ್ದವು, ಹಿಂದಿನ ದಿನ ವಾಲೈ ಮೀನು ಹಿಡಿಯಲು ತಂದಿದ್ದು. ಅವನ್ನೇ ಹಾಕಿದೆ. ಹೊರಡುವಾಗ, ಬದುಕಿಕೊಳ್ಳಲಿ ಪಾಪ ಅಂತ ಉಳಿದ ಅರ್ಧ ಬಕೆಟ್ ಕೆರೆಗೇ ಬಿಟ್ಟೆ. ದಡದಲ್ಲಿದ್ದವರು ಬೈದರು. ಅಷ್ಟು ದೊಡ್ಡ ತಪ್ಪಾ?

ಗೈಡ್: ಹೌದು, ದೊಡ್ಡದು. ಹೇಳಿಕೊಂಡಿದ್ದು ಒಳ್ಳೆಯದಾಯಿತು. ಉಳಿದವರು ಸ್ವಲ್ಪ ಸುಮ್ಮನಿದ್ದು ಇದನ್ನು ಓದಿ.

ಟ್ರೌಟ್‌ಗೆಂದು ಗುರುತು ಮಾಡಿದ ಕೆರೆಗೆ ಜೀವಂತ ಮಿನ್ನೋ ಒಯ್ಯುವಂತೆಯೇ ಇಲ್ಲ. ಬಳಸದೆ ಹತ್ತಿರ ಇಟ್ಟುಕೊಂಡರೂ ತಪ್ಪು. ಯಾಕೆ ಅಂದರೆ, ಆ ಕೆರೆಯಲ್ಲಿ ಊಟ ಇರುವುದೇ ಅಷ್ಟು: ನೀರುಹುಳು, ಜಿಗಣೆ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು. ಬೆರಳುದ್ದದ ಟ್ರೌಟ್ ಮರಿ ಅದನ್ನೇ ತಿಂದು ಬೆಳೆಯಬೇಕು. ಬಕೆಟ್‌ನಲ್ಲಿ ಗೋಲ್ಡನ್ ಶೈನರ್, ಸಕ್ಕರ್, ಒಂದೆರಡು ಪರ್ಚ್ ಮರಿ ಇದ್ದರೂ ಸಾಕು. ಅವು ನಿಂತ ನೀರಲ್ಲೇ ಮೊಟ್ಟೆ ಇಟ್ಟು ಸಾವಿರಗಟ್ಟಲೆ ಆಗುತ್ತವೆ. ಟ್ರೌಟ್‌ಗೆ ಆಗದ್ದು ಅವಕ್ಕೆ ಸುಲಭ. ಕೆಲವೇ ವರ್ಷದಲ್ಲಿ ಬಿಟ್ಟ ಮರಿ ಉಳಿಯುವುದೇ ಇಲ್ಲ. ಪರ್ಚ್ ದೊಡ್ಡದಾದರೆ ಮರಿಯನ್ನೇ ನುಂಗುತ್ತದೆ.

ಆಮೇಲೆ ಎರಡೇ ದಾರಿ. ಒಂದು, ಹ್ಯಾಚರಿಯಲ್ಲಿ (ಮೀನುಮರಿ ಕೇಂದ್ರದಲ್ಲಿ) ಹೆಚ್ಚು ಕಾಲ ಸಾಕಿದ ದೊಡ್ಡ ಮೀನನ್ನೇ ಬಿಡಬೇಕು. ಖರ್ಚು ಜಾಸ್ತಿ, ಸಿಗುವ ಮೀನು ಕಡಿಮೆ. ಇನ್ನೊಂದು ರೊಟೆನೋನ್. ನಮ್ಮ ಮಲೆನಾಡಲ್ಲಿ ಕಾರೆಕಾಯಿ ಜಜ್ಜಿ ಹೊಳೆಗೆ ಹಾಕುತ್ತಿದ್ದರಲ್ಲ, ಇದೂ ಗಿಡದ ಬೇರಿನಿಂದ ಬರುವ ಮೀನುವಿಷ. ಮೀನು ಆಮ್ಲಜನಕ ಬಳಸದಂತೆ ಮಾಡುತ್ತದೆ. ಕೆರೆಯ ಮೀನೆಲ್ಲ ಸಾಯುತ್ತವೆ, ಟ್ರೌಟ್ ಕೂಡ. ಮತ್ತೆ ಮೊದಲಿಂದ ಶುರು. ಅಂಥ ಕೆರೆಯ ದಡದಲ್ಲಿ ನಾನು ನಿಂತಿದ್ದೇನೆ. ದಡದ ತುಂಬ ಬೆಳ್ಳಗೆ ಬಿದ್ದಿದ್ದ ಮೀನು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅದಕ್ಕೇ ಇಷ್ಟು ಖಾರವಾಗಿ ಬರೆಯುತ್ತಿದ್ದೇನೆ.

ಸೋಮವಾರ ಬೆಳಿಗ್ಗೆ ಡಿಎನ್‌ಆರ್‌ನ (ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ) ಆ ಕಡೆಯ ಮೀನುಗಾರಿಕೆ ಕಚೇರಿಗೆ ನೀವೇ ಫೋನ್ ಮಾಡಿ. ಯಾವ ಕೆರೆ, ಎಷ್ಟು, ಯಾವ ಜಾತಿ, ಎಲ್ಲಾ ಹೇಳಿ. ದಂಡ ಬೀಳಬಹುದು. ಆದರೂ ಹೇಳಿ.

ಮ್ಯಾಡಿಸನ್ ಸದಸ್ಯ: ಮಿನ್ನೋಗೆ ಉಪ್ಪು ನೀರು ತೋರಿಸಿ ಬಿಟ್ಟರೆ ರೋಗ ಹೋಗುತ್ತದೆ, ಆಮೇಲೆ ಎಲ್ಲಿ ಬಿಟ್ಟರೂ ತೊಂದರೆ ಇಲ್ಲ ಅಂತ ಒಂದು ಮೆಸೇಜ್ ಬಂದಿದೆ. ಹಾಕಲಾ?

ಗೈಡ್: ಬೇಡ. ಯಾವ ಕೆರೆಗೂ ಬಿಡಬೇಡಿ. ಉಳಿದ ಮಿನ್ನೋ ಕಸದ ಡಬ್ಬಿಗೆ. ಉಪ್ಪಲ್ಲ, ಸೋಡಾ ಅಲ್ಲ, ಏನೂ ಅಲ್ಲ.

ಮ್ಯಾಡಿಸನ್ ಸದಸ್ಯ: ಕೇಳಿದ್ದಕ್ಕೆ ಇಷ್ಟು ಸಿಟ್ಟು ಯಾಕೆ?

ಶಿಕಾಗೋ ಸದಸ್ಯ: ಓದದೇ ಫಾರ್ವರ್ಡ್ ಮಾಡುತ್ತೀರಲ್ಲ, ಅದಕ್ಕೆ.

ಮ್ಯಾಡಿಸನ್ ಸದಸ್ಯ: ನಿಮ್ಮನ್ನು ಕೇಳಲಿಲ್ಲ.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಫಾರ್ಗೋ ಸದಸ್ಯ: ಲೈನ್ ಯಾವುದು ತಗೋಬೇಕು ಸರ್?

ಗೈಡ್: ಮೇಲೆ ಇದೆ.

ಬ್ಲೂಮಿಂಗ್ಟನ್ ಸದಸ್ಯ: ಅವಲಾಂಚಿ ಬಗ್ಗೆ ಕೇಳಿದ್ದೆ.

ಸೇಂಟ್ ಪಾಲ್ ಸದಸ್ಯ: ಸೋಮವಾರ ಫೋನ್ ಮಾಡುತ್ತೇನೆ. ಜಾತಿ ಗೊತ್ತಿಲ್ಲ, ಅಂಗಡಿಯವರು ಕೊಟ್ಟಿದ್ದು ತಂದೆ. ಹೊಟ್ಟೆ ಅಗಲ, ಮೈ ಚಿನ್ನದ ಹೊಳಪು ಇತ್ತು.

ಗೈಡ್: ಗೋಲ್ಡನ್ ಶೈನರ್ ಇರಬೇಕು. ರಸೀದಿ ಇದ್ದರೆ ಎಸೆಯಬೇಡಿ. ಕೆರೆಯ ಹೆಸರು ಇಲ್ಲಿ ಹಾಕಬೇಡಿ, ನನಗೆ ಬೇರೆ ಕಳಿಸಿ. ಅವರು ಬಲೆ ಹಾಕಿ ನೋಡುವ ದಿನ ನಾನೂ ಹೋಗುತ್ತೇನೆ.