ಲೇಬಲ್ ಹಾಕು ಅಂದರೆ ಏಜೆಂಟ್ ಮೇಲನ್ನೇ ಮಾಯ ಮಾಡುತ್ತಿದೆ, ಯಾರಾದ್ರೂ ನೋಡಿ

ಕೆಳಮನೆ:
ಮೂರು ದಿನದಿಂದ ತಲೆ ಕೆಟ್ಟಿದೆ. ತೀರ್ಥಹಳ್ಳಿ ಹತ್ತಿರ ನಮ್ಮದೊಂದು ಹೋಂಸ್ಟೇ. ಬುಕಿಂಗ್ ಮೇಲ್‌ಗಳಿಗೆ ಲೇಬಲ್ ಹಾಕಲು ಜಿಮೇಲ್ ಎಪಿಐ (ಬೇರೆ ಪ್ರೋಗ್ರಾಂ ಜಿಮೇಲ್ ಜೊತೆ ಮಾತಾಡುವ ದಾರಿ) ಮೇಲೆ ಸಣ್ಣ ಟೂಲ್ ಬರೆದು ಎಐ ಏಜೆಂಟ್ (ಹೇಳಿದ ಕೆಲಸಕ್ಕೆ ತಾನೇ ಟೂಲ್ ಓಡಿಸುವ ಎಐ) ಕೈಗೆ ಕೊಟ್ಟೆ. ಟೂಲ್ ಸರಿ ಇದೆ, ನಾನೇ ಓಡಿಸಿ ನೋಡಿದ್ದೇನೆ. ಏಜೆಂಟ್ ಓಡಿಸಿದರೆ ಮಾತ್ರ ಒಮ್ಮೊಮ್ಮೆ 400 ಎರರ್ (ಕೇಳಿದ್ದೇ ತಪ್ಪು ಅಂತ), 'ಇನ್‌ವ್ಯಾಲಿಡ್ ಲೇಬಲ್'. ಒಮ್ಮೊಮ್ಮೆ ಎರರ್ ಇಲ್ಲ, ಇನ್‌ಬಾಕ್ಸಲ್ಲಿ ಮೇಲೂ ಇಲ್ಲ! ನಿನ್ನೆ ಜಡಿಮಳೆಯಲ್ಲಿ ಆರು ಜನ ಬಂದು ಬಾಗಿಲಲ್ಲಿ ನಿಂತರು. ಅವರ ಮೇಲ್ ನಾನು ನೋಡೇ ಇರಲಿಲ್ಲ. ಕಡುಬಿಗೆ ಅಕ್ಕಿತರಿ ಕಾಯಿಸುತ್ತಾ ಮನೆಯವಳು ನನ್ನನ್ನು ನೋಡಿದ ನೋಟ ಬೇಡವೇ ಬೇಡ.

ಸಾಗರದವ:
ಟೋಕನ್, ಅಂದರೆ ಟೂಲನ್ನು ಜಿಮೇಲ್ ಒಳಗೆ ಬಿಡುವ ಕೀಲಿ, ಸತ್ತಿದೆ. ಗೂಗಲ್ ಕ್ಲೌಡಲ್ಲಿ ಆ್ಯಪ್ ಇನ್ನೂ 'ಟೆಸ್ಟಿಂಗ್' ಅಂತಲೇ ಇದ್ದರೆ ರಿಫ್ರೆಶ್ ಟೋಕನ್ 7 ದಿನಕ್ಕೆ ಮುಗಿಯುತ್ತದೆ.

ಕೆಳಮನೆ:
ಟೋಕನ್ ಮೊನ್ನೆ ಮಾಡಿದ್ದು.

ಸಾಗರದವ:
ಆದ್ರೂ ಒಮ್ಮೆ ಹೊಸದು ಮಾಡಿ ನೋಡಿ. ನನಗೆ ಪ್ರತಿ ಸಲ ಅದೇ ಆಗಿರೋದು.

ಹೊಳೆದಂಡೆ:
ಟೋಕನ್ ಸತ್ತರೆ 'ಇನ್‌ವ್ಯಾಲಿಡ್ ಗ್ರಾಂಟ್' ಅನ್ನುತ್ತದೆ, ಲೇಬಲ್ ಹಿಡಿದು ಯಾಕೆ ಬೈಯುತ್ತದೆ ಮಾರಾಯ್ರೆ? ಕೆಳಮನೆಯವರೇ, ಟೂಲ್ ಏನು ಮಾಡುತ್ತದೆ ಅಂತ ಏಜೆಂಟಿಗೆ ಬರೆದುಕೊಟ್ಟ ವಿವರಣೆ ಇಲ್ಲಿ ಹಾಕಿ.

ಅಕ್ಷರಪ್ರಿಯ:
ಲೇಬಲ್ ಹೆಸರು ಕನ್ನಡದಲ್ಲಿ ಇದೆಯಾ? ಹಾಗಾದರೆ ಮುಗೀತು. 'ಹೋಮ್‌ಸ್ಟೇ' ಅಂತ ಬರೆದರೆ ಮಕಾರದ ನಂತರ ಕಣ್ಣಿಗೆ ಕಾಣದ ಅಕ್ಷರ ಒಂದು ಕೂತಿರುತ್ತದೆ, ಯೂನಿಕೋಡ್ ಅಕ್ಷರಪಟ್ಟಿಯಲ್ಲಿ ಅದರ ಸಂಖ್ಯೆ 200ಸಿ. ನೋಡಲು ಒಂದೇ, ಕಂಪ್ಯೂಟರಿಗೆ ಬೇರೆ. ಎಲ್ಲಾ ತೊಂದರೆ ಅಲ್ಲಿಂದಲೇ.

ಸಾಗರದವ:
ಅದಕ್ಕೇ ನಾನು ಲೇಬಲ್ ಎಲ್ಲಾ ಇಂಗ್ಲಿಷಲ್ಲಿ ಇಡೋದು.

ಅಕ್ಷರಪ್ರಿಯ:
ಇಡಿ, ಯಾರು ಬೇಡ ಅಂದರು. ಮನೆಯ ಹೆಸರನ್ನೂ ಇಂಗ್ಲಿಷಲ್ಲೇ ಇಟ್ಟಿರಬೇಕು ನೀವು.

ಕೆಳಮನೆ:
ಜಗಳ ಆಮೇಲೆ ಆಡಿ. ನನ್ನ ಲೇಬಲ್ 'ಹೋಂಸ್ಟೇ', ಸೊನ್ನೆ ಹಾಕಿದ್ದು. ಅದರಲ್ಲಿ ಕಾಣದ ಅಕ್ಷರ ಯಾವುದೂ ಇಲ್ಲ. ಆದರೆ ಈಗ ನೋಡಿದರೆ 'ಹೋಮ್‌ಸ್ಟೇ' ಅಂತ ಇನ್ನೊಂದು ಲೇಬಲ್ ಹುಟ್ಟಿಕೊಂಡಿದೆ! ಅದನ್ನು ನಾನು ಮಾಡಿಲ್ಲ.

ಅಕ್ಷರಪ್ರಿಯ:
ಹೇಳಿದೆನಲ್ಲ, 200ಸಿ!

ಹೊಳೆದಂಡೆ:
ಅದು ಬರೀ ಕಾಗುಣಿತ ಬೇರೆ ಆಗಿದ್ದು. ಅದಿರಲಿ, ಹೊಸ ಲೇಬಲ್ ಮಾಡೋ ಟೂಲೂ ಏಜೆಂಟ್ ಕೈಯಲ್ಲಿದೆಯಾ? ವಿವರಣೆ ಹಾಕಿ ಅಂದೆ.

ಕೆಳಮನೆ:
ಇದೆ, ಅದು ಇರೋದೇ ಅಲ್ವಾ. ವಿವರಣೆಯಲ್ಲಿ ಏನಿದೆ ಸ್ವಾಮಿ, ಒಂದೇ ಸಾಲು: "ಮೇಲ್‌ನ ಲೇಬಲ್ ಬದಲಿಸುತ್ತದೆ." ಕೆಳಗೆ 'ಸೇರಿಸು', 'ತೆಗೆ' ಅಂತ ಎರಡು ಪಟ್ಟಿ.

ಹೊಳೆದಂಡೆ:
ಇದನ್ನು ಮೊದಲೇ ಹೇಳಬಾರದಿತ್ತಾ! ಆ ಪಟ್ಟಿಗೆ ಬೇಕಾದದ್ದು ಲೇಬಲ್ ಹೆಸರಲ್ಲ, ಐಡಿ, ಅಂದರೆ ಜಿಮೇಲ್ ಒಳಗೊಳಗೇ ಕೊಡುವ ಗುರುತು. ನೀವು ಮಾಡಿದ ಲೇಬಲ್‌ನ ಐಡಿ 'ಲೇಬಲ್_12' ತರಹ ಇರುತ್ತದೆ. ನೀವು ಓಡಿಸುವಾಗ ಐಡಿ ಕೊಟ್ಟಿರುತ್ತೀರಿ, ಅದಕ್ಕೇ ಸರಿ ಬಂತು. ಏಜೆಂಟಿಗೆ ಅದನ್ನು ಯಾರೂ ಹೇಳಿಲ್ಲ. ಇನ್‌ಬಾಕ್ಸ್, ಅನ್‌ರೀಡ್, ಸ್ಪ್ಯಾಮ್ ಇವಕ್ಕೆಲ್ಲ ಹೆಸರೇ ಐಡಿ, ಹಾಗಾಗಿ ಉಳಿದವೂ ಹಾಗೇ ಅಂದುಕೊಳ್ಳುತ್ತದೆ. ಹೆಸರು ಕೊಟ್ಟಿತು, 400 ಬಂತು. ಲೇಬಲ್ ಇಲ್ಲವೇನೋ ಅಂತ ತನಗೆ ತೋಚಿದ ಕಾಗುಣಿತದಲ್ಲಿ ಹೊಸದು ಮಾಡಿತು. ಅದರ ಐಡಿ ಕೈಗೆ ಸಿಕ್ಕಿತಲ್ಲ, ಕೆಲಸ ಆಯಿತು.

ಮೇಲ್ ಮಾಯ ಆದದ್ದು ಬೇರೆ ಕಥೆ. 'ಬದಲಿಸುತ್ತದೆ' ಅಂದಿರಿ. ಅದು ಲೇಬಲನ್ನು ಫೋಲ್ಡರ್ ಅಂದುಕೊಂಡು, ಒಂದನ್ನು ಹಾಕಿ ಇನ್‌ಬಾಕ್ಸ್ ಲೇಬಲ್ ತೆಗೆದಿದೆ. ಜಿಮೇಲಲ್ಲಿ ಆರ್ಕೈವ್ ಅಂದರೆ ಅಷ್ಟೇ, ಇನ್‌ಬಾಕ್ಸ್ ಲೇಬಲ್ ತೆಗೆಯೋದು. 'ಆಲ್ ಮೇಲ್' ನೋಡಿ, ಅಲ್ಲೇ ಇರುತ್ತವೆ.

ಕೆಳಮನೆ:
ಇವೆ!! ಹನ್ನೊಂದು ಮೇಲ್. ಅದರಲ್ಲಿ ಎರಡು ಬುಕಿಂಗ್ ಈ ಶನಿವಾರದ್ದು. ಅಯ್ಯೋ.

ಸಾಗರದವ:
ನಾನು ಇದೆಲ್ಲ ರಾಸ್ಪ್‌ಬೆರಿ ಪೈ 5 ಅನ್ನೋ ಅಂಗೈಯಗಲದ ಕಂಪ್ಯೂಟರಲ್ಲಿ ಓಡಿಸುತ್ತೇನೆ. 150 ಎಎಚ್ ಬ್ಯಾಟರಿ ಎರಡಿವೆ. ಎರಡು ದಿನ ಕರೆಂಟ್ ಹೋದರೂ ಚಿಂತೆ ಇಲ್ಲ.

ಹೊಳೆದಂಡೆ:
ಮರ ಬಿದ್ದು ಫೈಬರ್ ತುಂಡಾದರೆ ಬ್ಯಾಟರಿ ಇಟ್ಟುಕೊಂಡು ಎಂಥ ಮಾಡ್ತೀರಿ?

ಸಾಗರದವ:
ಅದಕ್ಕೆ ಎರಡು ಸಿಮ್ ಇವೆ. ಅಟ್ಟದ ಮೇಲೆ ಆ್ಯಂಟೆನಾ.

ಕೆಳಮನೆ:
ಈಗ ವಿವರಣೆ ಹೀಗೆ ಬರೆದೆ, ನೋಡಿ:
"ಒಂದು ಮೇಲ್‌ಗೆ ಲೇಬಲ್ ಸೇರಿಸಲು ಅಥವಾ ತೆಗೆಯಲು. ಐಡಿ ಮಾತ್ರ ಕೊಡು, ಹೆಸರು ಬೇಡ. ಐಡಿ ಗೊತ್ತಿಲ್ಲದಿದ್ದರೆ ಮೊದಲು ಲೇಬಲ್ ಪಟ್ಟಿ ತರುವ ಟೂಲ್ ಬಳಸು. 400 ಬಂದರೆ ಹೊಸ ಲೇಬಲ್ ಮಾಡಬೇಡ, ನನ್ನನ್ನು ಕೇಳು. ಲೇಬಲ್ ಫೋಲ್ಡರ್ ಅಲ್ಲ, ಒಂದು ಮೇಲ್‌ಗೆ ಹಲವು ಇರಬಹುದು. ನಾನು ಆರ್ಕೈವ್ ಅನ್ನದೆ ಇನ್‌ಬಾಕ್ಸ್ ತೆಗೆಯಬೇಡ."

ಹೊಳೆದಂಡೆ:
ಚೆನ್ನಾಗಿದೆ. ಸೆಂಟ್, ಡ್ರಾಫ್ಟ್ ಲೇಬಲ್ ಎರಡನ್ನೂ ಕೈಯಾರೆ ಹಾಕಲು ಆಗುವುದಿಲ್ಲ ಅಂತಲೂ ಒಂದು ಮಾತು ಸೇರಿಸಿ. ಇಲ್ಲದಿದ್ದರೆ ಒಂದು ದಿನ ಅದನ್ನೂ ಮಾಡಲು ಹೋಗುತ್ತದೆ. ಹೊಸ ಲೇಬಲ್ ಮಾಡೋ ಟೂಲನ್ನು ಕಿತ್ತೇ ಹಾಕಿ. ಬರೆದದ್ದನ್ನು ಏಜೆಂಟ್ ಕೇಳಿಯೇ ಕೇಳುತ್ತದೆ ಅಂತ ನಂಬಬೇಡಿ. ಕೈಗೇ ಕೊಡದಿದ್ದರೆ ಮಾಡಲು ಆಗೋದಿಲ್ಲ.

ಅಕ್ಷರಪ್ರಿಯ:
ಕಾಣದ ಅಕ್ಷರದ ಬಗ್ಗೆಯೂ ಒಂದು ಸಾಲು ಹಾಕಿ.

ಕೆಳಮನೆ:
ಐಡಿ ಬಂದ ಮೇಲೆ ಅದೆಲ್ಲ ಯಾಕೆ ಬೇಕು ಸ್ವಾಮಿ. ಬೆಳಿಗ್ಗೆಯಿಂದ ಎರರ್ ಇಲ್ಲ. ಆದರೆ ಲೇಬಲ್ ಹಾಕಿದ ಮೇಲ್‌ಗೆ ಗಿರಾಕಿ ಮತ್ತೆ ಉತ್ತರ ಬರೆದರೆ ಆ ಹೊಸ ಮೇಲ್‌ಗೆ ಲೇಬಲ್ ಇರುವುದಿಲ್ಲ. ಇದಕ್ಕೇನು ಮಾಡಲಿ?

ಸಾಗರದವ:
ಟೋಕನ್ ನೋಡಿದ್ರಾ?

ಹೊಳೆದಂಡೆ:
ಮೇಲ್, ಅದರ ಉತ್ತರ ಎಲ್ಲಾ ಸೇರಿದ ಇಡೀ ಥ್ರೆಡ್‌ಗೆ ಹಾಕಿದರೂ ಆಗ ಇದ್ದ ಮೇಲ್‌ಗಳಿಗಷ್ಟೇ ಬೀಳುತ್ತದೆ. ಹೊಸದು ಬಂದಾಗ ಮತ್ತೆ ಹಾಕಬೇಕು. ಅದಕ್ಕೆ ನಾನು ಬರೆದದ್ದು ಒಂದಿದೆ, ರಾತ್ರಿ ಹಾಕುತ್ತೇನೆ. ಈಗ ಕರೆಂಟ್ ಹೋಗಿದೆ, ಫೋನಲ್ಲಿ 6 ಪರ್ಸೆಂಟ್.

ಕೆಳಮನೆ:
ಹೊಳೆದಂಡೆಯವರೇ, ಕರೆಂಟ್ ಬಂತಾ?

ಬಾಳೆಬರೆ:
ನಾಲ್ಕು ದಿನ ಆಯ್ತು. ನನಗೂ ಇದೇ ತೊಂದರೆ. ಯಾರಿಗಾದ್ರೂ ಗೊತ್ತಾ?